ಡಿಸ್ಚಾರ್ಜ್ ಬುಕ್ಕಿನ ತಪ್ಪು, ಕೈಗೆ ಬಾರದ ಪದಕ: ಮಾಜಿ ಸೈನಿಕರು ಎಲ್ಲಿ, ಹೇಗೆ ಕೇಳಬೇಕು

ಗಜೇಂದ್ರಗಡದ ಕಡೆಯ ಹಳೆಯ ಫೌಜಿಯೊಬ್ಬರ ಡಿಸ್ಚಾರ್ಜ್ ಬುಕ್, ಅಂದರೆ ಸೇವೆ ಮುಗಿಸಿ ಬರುವಾಗ ಸೇನೆ ಕೊಡುವ ಪುಸ್ತಕ, ತೆರೆದರೆ ವಿಳಾಸದ ಜಾಗದಲ್ಲಿ ಹೀಗಿರುತ್ತದೆ: ರೋಣ ತಾಲ್ಲೂಕು, ಧಾರವಾಡ ಜಿಲ್ಲೆ, ಮೈಸೂರು ರಾಜ್ಯ. ಅವರದೇ ಆಧಾರ್ ಕಾರ್ಡಿನಲ್ಲಿ ಗಜೇಂದ್ರಗಡ ತಾಲ್ಲೂಕು, ಗದಗ ಜಿಲ್ಲೆ, ಕರ್ನಾಟಕ. ಊರು ಅದೇ, ಮನೆಯೂ ಅದೇ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. 1997ರಲ್ಲಿ ಗದಗ ಮತ್ತು ಹಾವೇರಿ ಧಾರವಾಡದಿಂದ ಬೇರೆಯಾದವು. ಗಜೇಂದ್ರಗಡ ತಾಲ್ಲೂಕಾಗಿದ್ದು ಅದಕ್ಕೂ ಎಷ್ಟೋ ವರ್ಷದ ಮೇಲೆ.

"ಸಾಹೇಬ್ರ, ನನ್ನ ರೆಕಾರ್ಡ್ ಪೂರಾ ತಪ್ಪೈತ್ರಿ" ಎಂದು ಇದನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದವರಿದ್ದಾರೆ. ಇದು ತಪ್ಪಲ್ಲ. ಬರೆದ ದಿನಕ್ಕೆ ಅದು ಸರಿಯಾಗಿಯೇ ಇತ್ತು. ಈಗಿನ ವಿಳಾಸವನ್ನು ಸೇರಿಸಿ ಎಂದು ಕೇಳಿದರೆ ಸಾಕು, ಹಳೆಯದನ್ನು ಅಳಿಸಿ ಎಂದು ಕೇಳುವ ಅಗತ್ಯವಿಲ್ಲ. ಆದರೆ ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಹೆಂಡತಿಯ ಜನ್ಮದಿನದ ಜಾಗ ಖಾಲಿ ಇರುತ್ತದೆ. ಅದನ್ನು ಯಾರೂ ನೋಡಿರುವುದೇ ಇಲ್ಲ. ಮುಂದೆ ದುಡ್ಡಿಗೆ ಪೆಟ್ಟು ಕೊಡುವುದು ಆ ಖಾಲಿ ಜಾಗ.

ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು. ಇಂಥ ಕಾಗದಗಳನ್ನು ವರ್ಷಗಟ್ಟಲೆ ಟೈಪ್ ಮಾಡಿದ್ದೇನೆ. ನಿವೃತ್ತಿಯಾಗಿ ಗದಗಕ್ಕೆ ಬಂದ ಮೇಲೆ ಭಾನುವಾರ ಯಾರಾದರೂ ಒಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತುಂಬಿಕೊಂಡು ಬರುತ್ತಾರೆ. ಹೆಚ್ಚಿನವರು ಮೂರ್ನಾಲ್ಕು ವರ್ಷ ಬೇರೆ ಬೇರೆ ಕಡೆ ಅಲೆದು ಸುಸ್ತಾದವರು. ಬ್ಯಾಂಕಿಗೆ ಹೋಗಿರುತ್ತಾರೆ, ಆಧಾರ್ ಕೇಂದ್ರಕ್ಕೆ ಹೋಗಿರುತ್ತಾರೆ, ತಹಶೀಲ್ದಾರ್ ಕಚೇರಿಗೂ ಹೋಗಿರುತ್ತಾರೆ. ತಪ್ಪು ಹುಟ್ಟಿದ ಜಾಗಕ್ಕೆ ಮಾತ್ರ ಹೋಗಿರುವುದಿಲ್ಲ. ಆ ಜಾಗ ಯಾವುದು, ಅಲ್ಲಿಗೆ ಏನು ತೆಗೆದುಕೊಂಡು ಹೋಗಬೇಕು ಎಂದು ತಿಳಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾವ ಕಾಗದ ಯಾವುದರಿಂದ ಹುಟ್ಟುತ್ತದೆ

ಸೈನಿಕನ ಜೀವನದಲ್ಲಿ ನಡೆಯುವ ಪ್ರತಿಯೊಂದು ಘಟನೆಯೂ ಒಂದು ಆದೇಶವಾಗಿ ಹೊರಬೀಳಬೇಕು. ಮದುವೆಯಾಯಿತು, ಮಗು ಹುಟ್ಟಿತು, ಬಡ್ತಿ ಬಂತು, ಬೇರೆ ಕಡೆ ಪೋಸ್ಟಿಂಗ್ ಆಯಿತು, ಪದಕಕ್ಕೆ ಅರ್ಹನಾದ. ಹೀಗೆ ಏನೇ ಆದರೂ ಯೂನಿಟ್ಟಿನ ಕಚೇರಿ ಅದನ್ನು ಪಾರ್ಟ್ ಟೂ ಆರ್ಡರ್ ಎಂಬ ಆದೇಶದಲ್ಲಿ ಪ್ರಕಟಿಸುತ್ತದೆ. ಪಾರ್ಟ್ ಒನ್ ಆರ್ಡರ್ ಎಂದರೆ ನಾಳೆಯ ಪರೇಡ್, ಡ್ಯೂಟಿ, ತರಬೇತಿಯಂಥ ದಿನನಿತ್ಯದ ವಿಷಯ. ಪಾರ್ಟ್ ಟೂ ಎಂದರೆ ವ್ಯಕ್ತಿಯ ವಿಷಯ. ಅದಕ್ಕೊಂದು ನಂಬರ್ ಇರುತ್ತದೆ, ತಾರೀಖು ಇರುತ್ತದೆ.

ಆ ಆದೇಶದ ಪ್ರತಿ ರೆಕಾರ್ಡ್ ಆಫೀಸಿಗೆ ಹೋಗುತ್ತದೆ. ಅಲ್ಲಿ ಪ್ರತಿಯೊಬ್ಬ ಸೈನಿಕನಿಗೂ ಒಂದು ಶೀಟ್ ರೋಲ್ ಇರುತ್ತದೆ. ಸೇರಿದ ದಿನದಿಂದ ಬಿಟ್ಟ ದಿನದವರೆಗಿನ ಪೂರ್ತಿ ಸೇವೆಯ ದಾಖಲೆ ಅದು. ಪಾರ್ಟ್ ಟೂ ಆರ್ಡರ್ ನೋಡಿ ಶೀಟ್ ರೋಲ್ ತುಂಬುತ್ತಾರೆ. ಶೀಟ್ ರೋಲ್ ನೋಡಿ ಡಿಸ್ಚಾರ್ಜ್ ಬುಕ್ ಬರೆಯುತ್ತಾರೆ. ಪಿಂಚಣಿಯ ಕಾಗದಗಳೂ ಅದರಿಂದಲೇ ತಯಾರಾಗಿ ಪ್ರಯಾಗರಾಜಿನಲ್ಲಿರುವ ರಕ್ಷಣಾ ಪಿಂಚಣಿ ಲೆಕ್ಕಪತ್ರ ಕಚೇರಿಗೆ ಹೋಗುತ್ತವೆ. ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ, ಹೊರಡುವುದು ಅಲ್ಲಿಂದ. ಪಿಪಿಒ ಮಾಹಿತಿ ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ.

ಒಂದು ಕಡೆ ಆದ ತಪ್ಪು ಮುಂದಿನ ಕಾಗದಗಳಿಗೆಲ್ಲ ಹಾಗೇ ಇಳಿಯುತ್ತದೆ. ಶೀಟ್ ರೋಲಿನಲ್ಲಿ ತಪ್ಪಿದ್ದು ಪಿಪಿಒದಲ್ಲಿ ಮಾತ್ರ ಸರಿಯಾಗಲು ಸಾಧ್ಯವಿಲ್ಲ. ಬ್ಯಾಂಕಿನವರು ಏನು ಮಾಡಿಯಾರು? ಅವರ ಹತ್ತಿರ ಇರುವುದು ಕೊನೆಯ ಪ್ರತಿ. ಹಾಗಾಗಿ ತಪ್ಪು ಕಂಡ ತಕ್ಷಣ ಕೇಳಿಕೊಳ್ಳಬೇಕಾದ್ದು ಇಷ್ಟೇ: ಇದು ಯಾವ ಕಾಗದದಲ್ಲಿ ಮೊದಲು ತಪ್ಪಾಯಿತು? ಡಿಸ್ಚಾರ್ಜ್ ಬುಕ್ಕಿನಲ್ಲಿ ಸರಿ ಇದ್ದು ಸ್ಪರ್ಶ್‌ನಲ್ಲಿ ಮಾತ್ರ ತಪ್ಪಿದ್ದರೆ, ಅದು ಕಂಪ್ಯೂಟರಿಗೆ ಏರಿಸುವಾಗ ಆದ ತಪ್ಪು. ಸ್ಪರ್ಶ್ ಮೂಲಕವೇ ದೂರು ಕೊಟ್ಟು ಸರಿಪಡಿಸಬಹುದು. ಡಿಸ್ಚಾರ್ಜ್ ಬುಕ್ಕಿನಲ್ಲೇ ತಪ್ಪಿದ್ದರೆ ರೆಕಾರ್ಡ್ ಆಫೀಸಿಗೇ ಬರೆಯಬೇಕು. ಅಲ್ಲಿ ಹೊಸ ಪಾರ್ಟ್ ಟೂ ಆರ್ಡರ್ ಆಗಬೇಕು. ಅದರ ಆಧಾರದ ಮೇಲೆ ತಿದ್ದುಪಡಿ ಪಿಪಿಒ ಬರಬೇಕು. ಎಲ್ಲರೂ ಅದನ್ನು ಕೊರಿಜೆಂಡಂ ಪಿಪಿಒ ಎನ್ನುತ್ತಾರೆ. ಈ ಮೆಟ್ಟಿಲು ಹಾರಿ ಹೋದವರು ಮತ್ತೆ ಇಲ್ಲಿಗೇ ವಾಪಸ್ ಬರುತ್ತಾರೆ.

ರೆಕಾರ್ಡ್ ಆಫೀಸು ಎಲ್ಲರಿಗೂ ಒಂದೇ ಅಲ್ಲ. ನಮ್ಮ ಭಾಗದವರು ಮಿಲಿಟರಿ ಎಂದರೆ ಬೆಳಗಾವಿ ಅಂದುಕೊಳ್ಳುತ್ತಾರೆ. ಭರ್ತಿಗೆ ಎಲ್ಲರೂ ಹೋಗಿದ್ದು ಅಲ್ಲಿಗೇ ಅಲ್ವಾ? ಆದರೆ ಬೆಳಗಾವಿಯಲ್ಲಿರುವುದು ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಕಾರ್ಡ್ ಆಫೀಸು. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್‌ನಲ್ಲಿದೆ. ಎಂಇಜಿಯದು (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರಿನಲ್ಲಿ, ಆರ್ಟಿಲರಿಯದು ನಾಸಿಕ್ ರೋಡಿನಲ್ಲಿ, ಸಿಗ್ನಲ್ಸ್‌ನದು ಜಬಲ್ಪುರದಲ್ಲಿ, ವಾಹನ, ಯಂತ್ರ ದುರಸ್ತಿಯ ಇಎಂಇಯದು ಸಿಕಂದರಾಬಾದಿನಲ್ಲಿ, ಮೆಡಿಕಲ್ ಕೋರಿನದು ಲಖನೌದಲ್ಲಿ. ನೌಕಾಪಡೆಯ ನಾವಿಕರದು ಮುಂಬೈನಲ್ಲಿದೆ. ವಾಯುಪಡೆಯವರು ದೆಹಲಿಯ ಸುಬ್ರೊತೊ ಪಾರ್ಕಿಗೆ ಬರೆಯಬೇಕು. ಪಿಂಚಣಿ ಬಂದ ಮೇಲೆ ಡಿಎಸ್‌ಸಿಗೆ (ರಕ್ಷಣಾ ಭದ್ರತಾ ದಳ) ಸೇರಿ ಎರಡನೇ ಸಲ ಸೇವೆ ಮಾಡಿದವರಿಗೆ ಎರಡು ದಾಖಲೆ ಇರುತ್ತವೆ. ಒಂದು ಹಳೆಯ ರೆಜಿಮೆಂಟಿನದು, ಇನ್ನೊಂದು ಕಣ್ಣೂರಿನ ಡಿಎಸ್‌ಸಿ ರೆಕಾರ್ಡ್ಸ್‌ನದು. ಒಂದರಲ್ಲಿ ಹೆಸರು ಸರಿ ಇದ್ದು ಇನ್ನೊಂದರಲ್ಲಿ ತಪ್ಪಿರುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ನೀಲವ್ವ, ನೀಲಮ್ಮ, ನೀಲಾಬಾಯಿ

ನಮ್ಮ ಕಡೆಯ ಹೆಸರುಗಳೇ ಅರ್ಧ ತೊಂದರೆಗೆ ಕಾರಣ. ಹೆಸರಿನಲ್ಲಿ ತಪ್ಪೇನಿಲ್ಲ. ಅದನ್ನು ಬರೆದವರಿಗೆ ನಮ್ಮ ಭಾಷೆ ಗೊತ್ತಿರಲಿಲ್ಲ, ಅಷ್ಟೇ.

ಭರ್ತಿಯ ದಿನ ಹದಿನೆಂಟರ ಹುಡುಗ ಸಾಲಿನಲ್ಲಿ ನಿಂತಿರುತ್ತಾನೆ. ಹೆಸರು ಕೇಳಿದಾಗ ಯಲ್ಲಪ್ಪ ಎನ್ನುತ್ತಾನೆ. ಬರೆಯುವವನು ಉತ್ತರದ ಕಡೆಯವನು. ಅವನ ಕಿವಿಗೆ ಅದು ಎಲಪ್ಪ ಎಂದು ಕೇಳಿಸುತ್ತದೆ. ಕಲ್ಲಪ್ಪ ಕಾಲಪ್ಪನಾಗುತ್ತಾನೆ. ಅಡ್ಡಹೆಸರು ಬಿಟ್ಟುಹೋಗುತ್ತದೆ, ಇಲ್ಲವೇ ಅಪ್ಪನ ಹೆಸರೇ ಅಡ್ಡಹೆಸರಾಗುತ್ತದೆ. ಹುಡುಗನಿಗೆ ಆಗ ಕೆಲಸ ಸಿಕ್ಕರೆ ಸಾಕು. ಇಪ್ಪತ್ತು ವರ್ಷ ಆ ಹೆಸರಿಗೇ ಹಾಜರಿ ಹೇಳಿ, ಸಂಬಳ ತೆಗೆದುಕೊಂಡು, ಊರಿಗೆ ಬಂದು ಮತ್ತೆ ಯಲ್ಲಪ್ಪನಾಗುತ್ತಾನೆ.

ಹೆಂಗಸರ ಹೆಸರಿನ ಕಥೆ ಇನ್ನೂ ಕಷ್ಟ. ತವರಿನಲ್ಲಿ ಒಂದು ಹೆಸರು. ಮದುವೆಯಲ್ಲಿ ಗಂಡನ ಮನೆಯವರು ಇಟ್ಟ ಹೆಸರು ಇನ್ನೊಂದು. ಗಂಡ ಯೂನಿಟ್ಟಿನಲ್ಲಿ ಬರೆಸಿದ್ದು ನೀಲವ್ವ. ರೇಷನ್ ಕಾರ್ಡಿನಲ್ಲಿ ನೀಲಮ್ಮ. ಮತದಾರರ ಚೀಟಿಯಲ್ಲಿ ನೀಲಾಬಾಯಿ. ಗಂಡ ಬದುಕಿರುವ ತನಕ ಇದ್ಯಾವುದೂ ಅಡ್ಡಿ ಬರುವುದಿಲ್ಲ. ಅವರು ತೀರಿಕೊಂಡ ಮರುದಿನದಿಂದ ಆಕೆ ತಾನೇ ಅವರ ಹೆಂಡತಿ ಎಂದು ಸಾಬೀತು ಮಾಡಬೇಕು. ದುಃಖದ ಮನೆಯಲ್ಲಿ ಕೂತು ಕಾಗದ ಹುಡುಕುವ ಸ್ಥಿತಿ ಯಾವ ತಾಯಿಗೂ ಬರಬಾರದು. ನನಗೆ ಇದರ ಬಗ್ಗೆ ಬಹಳ ನೋವಿದೆ. ಗಂಡ ಬದುಕಿದ್ದಾಗ ಒಂದು ಅರ್ಜಿ ಹಾಕಿದ್ದರೆ ಅವರೇ ಸಹಿ ಮಾಡುತ್ತಿದ್ದರು, ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಹೆಸರು ತಿದ್ದಲು ಸಾಮಾನ್ಯವಾಗಿ ಕೇಳುವುದು ಇವನ್ನು: ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ ಅಫಿಡವಿಟ್, ಎರಡು ಪತ್ರಿಕೆಗಳಲ್ಲಿ ಪ್ರಕಟಣೆ (ಒಂದು ಇಂಗ್ಲಿಷ್, ಒಂದು ಕನ್ನಡ), ಆಧಾರ್, ಪ್ಯಾನ್, ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ಪ್ರತಿ, ಗಂಡ ಹೆಂಡತಿ ಇಬ್ಬರೂ ಇರುವ ಫೋಟೊ. ನೋಟರಿ ಅಫಿಡವಿಟ್ ಸಾಕೇ, ಮ್ಯಾಜಿಸ್ಟ್ರೇಟರದೇ ಬೇಕೇ ಎಂದು ನಿಮ್ಮ ರೆಕಾರ್ಡ್ ಆಫೀಸನ್ನು ಮೊದಲೇ ಕೇಳಿಕೊಳ್ಳಿ. ಅಫಿಡವಿಟ್ ಬರೆಸುವಾಗ ಒಂದು ಎಚ್ಚರ ಬೇಕು. ಹಳೆಯ ಹೆಸರು ದಾಖಲೆಯಲ್ಲಿ ಯಾವ ಅಕ್ಷರಗಳಲ್ಲಿದೆಯೋ ಅದೇ ಅಕ್ಷರಗಳಲ್ಲಿ ಬರೆಸಬೇಕು. ತಪ್ಪನ್ನೂ ತಪ್ಪಾಗಿದ್ದ ಹಾಗೇ ಬರೆಯಬೇಕು. ಅಲ್ಲಿ ಒಂದು ಅಕ್ಷರ ಬದಲಾದರೆ ಮೂರನೇ ಹೆಸರೊಂದು ಹುಟ್ಟಿಕೊಳ್ಳುತ್ತದೆ. ಆಧಾರ್ ಕಾರ್ಡನ್ನು ಮೊದಲು ಸರಿ ಮಾಡಿಸಿಕೊಂಡು ಆಮೇಲೆ ಇದಕ್ಕೆ ಕೈಹಾಕಿ. ಪಂಚಾಯ್ತಿಯಿಂದಲೋ ತಹಶೀಲ್ದಾರರಿಂದಲೋ ತಂದ "ಇಬ್ಬರೂ ಒಬ್ಬರೇ" ಎಂಬ ಪತ್ರ ಜೊತೆಗಿರಲಿ. ಆದರೆ ಅದೊಂದರಿಂದಲೇ ಕೆಲಸ ಆಗುವುದಿಲ್ಲ.

ಈಗ ಆ ಖಾಲಿ ಜಾಗಕ್ಕೆ ಬರೋಣ. ಪಿಂಚಣಿದಾರರಿಗೆ, ಕುಟುಂಬ ಪಿಂಚಣಿ ಪಡೆಯುವವರಿಗೆ 80 ವರ್ಷ ತುಂಬಿದರೆ ಮೂಲ ಪಿಂಚಣಿಯ ಮೇಲೆ ನೂರಕ್ಕೆ 20ರಷ್ಟು ಹೆಚ್ಚು ಸಿಗುತ್ತದೆ. 85ಕ್ಕೆ 30, 90ಕ್ಕೆ 40, 95ಕ್ಕೆ 50. ನೂರು ತುಂಬಿದರೆ ಪಿಂಚಣಿ ಎರಡು ಪಟ್ಟು. ಇದು ತಾನಾಗಿಯೇ ಬರಬೇಕು. ಆದರೆ ಹೆಂಡತಿಯ ಜನ್ಮದಿನವೇ ದಾಖಲೆಯಲ್ಲಿಲ್ಲ ಎಂದರೆ ಆಕೆಗೆ 80 ತುಂಬಿದ್ದು ವ್ಯವಸ್ಥೆಗೆ ಗೊತ್ತಾಗುವುದು ಹೇಗೆ? ನರಗುಂದದ ಕಡೆಯ ಒಬ್ಬ ಅವ್ವನಿಗೆ 83 ಆದ ಮೇಲೆ ಇದು ತಿಳಿಯಿತು. ಮೂರು ವರ್ಷ ಆ ಹಣ ಬಂದೇ ಇರಲಿಲ್ಲ. ಅವರು ಶಾಲೆಗೆ ಹೋದವರಲ್ಲ. ಕೊನೆಗೆ ಆಧಾರ್, ಪ್ಯಾನ್, ಮತದಾರರ ಚೀಟಿ ಮೂರರಲ್ಲೂ ಒಂದೇ ತಾರೀಖು ಬರುವ ಹಾಗೆ ಮಾಡಿಸಿಕೊಂಡು ಅರ್ಜಿ ಹಾಕಿದೆವು. ನಿಮ್ಮ ಮನೆಯಲ್ಲಿ ಪಿಪಿಒ ಇದ್ದರೆ ಇವತ್ತೇ ತೆಗೆದು ಆ ಒಂದು ಸಾಲು ನೋಡಿ.

ಸೈನಿಕನದೇ ಜನ್ಮದಿನದ ವಿಷಯ ಬೇರೆ. ಆಗಿನ ಕಾಲದಲ್ಲಿ ಶಾಲೆಯ ಮಾಸ್ತರರು ಸುಮ್ನೆ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಸೇನೆಯಲ್ಲೂ ಅದೇ ಹೋಯಿತು. ನಿಜವಾದ ದಿನ ಅದಲ್ಲ ಎಂದು ಈಗ ಎಷ್ಟು ಹೇಳಿದರೂ ಬದಲಾಗುವುದಿಲ್ಲ. ಸೇರುವಾಗ ಒಪ್ಪಿಕೊಂಡ ಜನ್ಮದಿನವನ್ನು ಸೇವೆಯ ಕೊನೆಗೋ ನಿವೃತ್ತಿಯ ಮೇಲೋ ಬದಲಿಸಲು ನ್ಯಾಯಾಲಯಗಳೂ ಒಪ್ಪುವುದಿಲ್ಲ. ಕಾಗದದಿಂದ ಕಾಗದಕ್ಕೆ ನಕಲು ಮಾಡುವಾಗ ಆದ ತಪ್ಪಾದರೆ ಮಾತ್ರ ಕೇಳಬಹುದು. ಉದಾಹರಣೆಗೆ ಶೀಟ್ ರೋಲಿನಲ್ಲಿ 1948, ಪಿಪಿಒದಲ್ಲಿ 1943. ಉಳಿದದ್ದಕ್ಕೆ ಹಣ, ಸಮಯ ಖರ್ಚು ಮಾಡಬೇಡಿ ಎಂದೇ ನಾನು ಹೇಳುತ್ತೇನೆ.

ರ‍್ಯಾಂಕ್, ಗ್ರೂಪ್ (ಮಾಡುತ್ತಿದ್ದ ಕೆಲಸದ ವರ್ಗ), ಸೇವೆಯ ಒಟ್ಟು ವರ್ಷಗಳನ್ನು ಮಾತ್ರ ತಪ್ಪದೇ ತಾಳೆ ನೋಡಿ. ಒಂದು ರ‍್ಯಾಂಕ್ ಒಂದು ಪಿಂಚಣಿ ಯೋಜನೆ 2014ರ ಜುಲೈ 1ರಿಂದ ಜಾರಿಯಾಯಿತು. ಅದರ ಪಟ್ಟಿಯಲ್ಲಿ ನಿಮ್ಮ ಪಿಂಚಣಿ ಯಾವ ಸಾಲಿಗೆ ಬರುತ್ತದೆ ಎಂದು ಈ ಮೂರೇ ತೀರ್ಮಾನಿಸುತ್ತವೆ. ಹವಾಲ್ದಾರರಾಗಿದ್ದು ಜನವರಿ 26ಕ್ಕೋ ಆಗಸ್ಟ್ 15ಕ್ಕೋ ಗೌರವ ನಾಯಬ್ ಸುಬೇದಾರ್ ಪದವಿ ಸಿಕ್ಕವರು ಅದು ಪಿಪಿಒದಲ್ಲಿ ಏರಿದೆಯೇ ಎಂದು ನೋಡಿಕೊಳ್ಳಲೇಬೇಕು. ಅವರ ಪಿಂಚಣಿ ನಾಯಬ್ ಸುಬೇದಾರ್ ಲೆಕ್ಕಕ್ಕೆ ಬರುತ್ತದೆ.

ಪದಕದ ಲೆಕ್ಕ

ಪದಕದ ಬಗ್ಗೆ ಮಾತಾಡುವಾಗ ಹಿರಿಯರ ಧ್ವನಿ ತಗ್ಗುತ್ತದೆ. ಪಿಂಚಣಿ ಕಡಿಮೆಯಾದರೆ ಸಿಟ್ಟು ಮಾಡಿಕೊಂಡು ಬರುತ್ತಾರೆ. ಪದಕ ಬರದಿದ್ದರೆ ಏನೂ ಹೇಳದೆ ಕೂತಿರುತ್ತಾರೆ. ಬಹಳ ಹೊತ್ತಾದ ಮೇಲೆ, "ಒಂದು ಕೇಳಬೇಕಾಗಿತ್ರಿ" ಎನ್ನುತ್ತಾರೆ.

ಪದಕಗಳಲ್ಲಿ ಎರಡು ಬಗೆ ಎಂದು ಮೊದಲು ತಿಳಿಯಬೇಕು. ಒಂದು ಶೌರ್ಯ ಪದಕ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ, ಸೇನಾ ಪದಕ. ಇವು ಕೇಳಿ ಪಡೆಯುವಂಥವಲ್ಲ. ಆಗಿನ ಕಮಾಂಡರ್ ಶಿಫಾರಸು ಮಾಡಿರಬೇಕು, ಮೇಲಿನವರು ಒಪ್ಪಿರಬೇಕು, ಭಾರತದ ಗೆಜೆಟ್‌ನಲ್ಲಿ ಪ್ರಕಟವಾಗಿರಬೇಕು. ನಲವತ್ತು ವರ್ಷದ ಮೇಲೆ ಹೊಸ ಶಿಫಾರಸು ಹುಟ್ಟುವುದಿಲ್ಲ. ಹೇಳುವುದಕ್ಕೆ ಕಷ್ಟವಾದರೂ ಇದನ್ನು ನಾನು ನೇರವಾಗಿಯೇ ಹೇಳುತ್ತೇನೆ. ಆದರೆ ಗೆಜೆಟ್‌ನಲ್ಲಿ ಬಂದಿದ್ದು ಪಿಪಿಒಗೆ ಏರಿರದಿದ್ದರೆ ಹೋರಾಡಲೇಬೇಕು. ಅದಕ್ಕೆ ತಿಂಗಳ ಭತ್ಯೆಯೂ ಇದೆ. 2017ರ ಆಗಸ್ಟ್‌ನಿಂದ ವೀರ ಚಕ್ರಕ್ಕೆ ತಿಂಗಳಿಗೆ 7,000 ರೂಪಾಯಿ, ಶೌರ್ಯಕ್ಕಾಗಿ ಕೊಟ್ಟ ಸೇನಾ ಪದಕಕ್ಕೆ 2,000 ರೂಪಾಯಿ ನಿಗದಿಯಾಯಿತು. ಪದಕ ಪಡೆದವರು ತೀರಿಕೊಂಡರೆ ಅವರ ಹೆಂಡತಿಗೆ ಅದು ಮುಂದುವರಿಯುತ್ತದೆ. ಸೇನಾ ಪದಕವನ್ನು ಒಳ್ಳೆಯ ಸೇವೆಗೂ ಕೊಡುತ್ತಾರೆ, ಅದಕ್ಕೆ ಈ ಭತ್ಯೆ ಇಲ್ಲ. ಹಾಗಾಗಿ ದಾಖಲೆಯಲ್ಲಿ ಶೌರ್ಯ ಎಂಬ ಮಾತು ಇರಬೇಕು.

ಎರಡನೇ ಬಗೆ ಸೇವಾ ಪದಕ. ಇಲ್ಲಿ ಶಿಫಾರಸಿನ ಮಾತಿಲ್ಲ. ಇಂತಿಂಥ ಸಮಯದಲ್ಲಿ, ಇಂತಿಂಥ ಜಾಗದಲ್ಲಿ, ಇಷ್ಟು ದಿನ ಇದ್ದವರಿಗೆ ಎಂದು ನಿಯಮ ಇರುತ್ತದೆ. ನಿಯಮಕ್ಕೆ ಹೊಂದಿದರೆ ಅದು ನಿಮ್ಮದು. ಬಿಟ್ಟುಹೋಗುವುದು ಜಾಸ್ತಿ ಇವೇ, ಆಮೇಲೆ ಸಿಗುವುದೂ ಇವೇ.

ನೀವೇ ಮನೆಯಲ್ಲಿ ಕೂತು ಲೆಕ್ಕ ಹಾಕಬಹುದು. ಅಪ್ಪ 1964ರಲ್ಲಿ ಸೇರಿ 1984ರಲ್ಲಿ ನಿವೃತ್ತರಾದರು ಎನ್ನೋಣ. 1965ರ ಯುದ್ಧಕಾಲದ ಸೇವೆಗೆ ರಕ್ಷಾ ಪದಕ. ಆ ಯುದ್ಧದಲ್ಲಿ ಕಾದಾಟದ ಜಾಗದಲ್ಲೇ ಇದ್ದಿದ್ದರೆ ಸಮರ ಸೇವಾ ಸ್ಟಾರ್. 1971ರ ಯುದ್ಧದ ಹೊತ್ತಿಗೆ ಸೇವೆಯಲ್ಲಿದ್ದಿದ್ದಕ್ಕೆ ಸಂಗ್ರಾಮ ಪದಕ. ಜೊತೆಗೆ ಪೂರ್ವದ ರಣರಂಗದಲ್ಲಿದ್ದರೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದರೆ ಪಶ್ಚಿಮಿ ಸ್ಟಾರ್. 1972ರಲ್ಲಿ ಸ್ವಾತಂತ್ರ್ಯದ 25ನೇ ವರ್ಷದ ಪದಕ. 9 ವರ್ಷ ತುಂಬಿದ್ದಕ್ಕೆ ಒಂದು, 20 ತುಂಬಿದ್ದಕ್ಕೆ ಇನ್ನೊಂದು ದೀರ್ಘ ಸೇವಾ ಪದಕ. ಆಮೇಲೆ ಸೇರಿದವರಾದರೆ 9,000 ಅಡಿಗಿಂತ ಎತ್ತರದಲ್ಲಿ ಒಟ್ಟು 180 ದಿನ ಕಳೆದಿದ್ದಕ್ಕೆ ಎತ್ತರ ಪ್ರದೇಶದ ಪದಕ, ಸಿಯಾಚಿನ್ ಪದಕ, 1999ರ ಕಾರ್ಗಿಲ್‌ಗೆ ಆಪರೇಷನ್ ವಿಜಯ್ ಸ್ಟಾರ್ ಅಥವಾ ಪದಕ, 2001-02ರ ಆಪರೇಷನ್ ಪರಾಕ್ರಮ್ ಪದಕ. ಈ ಪಟ್ಟಿಯನ್ನು ಡಿಸ್ಚಾರ್ಜ್ ಬುಕ್ಕಿನ ಪದಕಗಳ ಪುಟದ ಪಕ್ಕ ಇಟ್ಟು ನೋಡಿದರೆ ಏನು ಬಿಟ್ಟಿದೆ ಎಂದು ಕಾಣುತ್ತದೆ.

1971ರ ಡಿಸೆಂಬರ್‌ನಲ್ಲಿ ಈಗಿನ ಬಾಂಗ್ಲಾದೇಶದ ಜಮಾಲ್ಪುರದಲ್ಲಿ ಕಾದಿದ 1ನೇ ಮರಾಠಾ ಪಲ್ಟನ್ನಿನವರಿಗೆ ಎರಡು ಬರಬೇಕು, ಸಂಗ್ರಾಮ ಪದಕ ಮತ್ತು ಪೂರ್ವಿ ಸ್ಟಾರ್. ಸಿಯಾಚಿನ್ ಎಂದರೆ ಏನು ಎಂದು ನಮ್ಮ ಜಿಲ್ಲೆಗಳಲ್ಲಿ ಈಗ ಯಾರಿಗೂ ವಿವರಿಸಬೇಕಿಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅಲ್ಲಿನ ಹಿಮದಡಿ ಆರು ದಿನ ಸಿಲುಕಿ, ಜೀವಂತ ಸಿಕ್ಕಿ, 2016ರ ಫೆಬ್ರುವರಿ 11ರಂದು ತೀರಿಕೊಂಡರು. ಅವರು ಮದ್ರಾಸ್ ರೆಜಿಮೆಂಟಿನವರು. ಅಂಥ ಜಾಗದಲ್ಲಿ ದಿನ ಕಳೆದು ಬಂದವರ ಹೆಸರಿನ ಮುಂದೆ ಆ ಒಂದು ಸಾಲು ಇರಲೇಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಹಾಗಾದರೆ ಬಿಟ್ಟುಹೋಗುವುದು ಯಾಕೆ? ದೊಡ್ಡ ಕಾರಣ ಅಟ್ಯಾಚ್‌ಮೆಂಟ್. ಸೈನಿಕ ಒಂದು ಯೂನಿಟ್ಟಿನವನು, ಆದರೆ ಆರು ತಿಂಗಳ ಮಟ್ಟಿಗೆ ಇನ್ನೊಂದಕ್ಕೆ ಹೋಗಿರುತ್ತಾನೆ. ಡ್ರೈವರ್, ಅಡುಗೆಯವರು, ನರ್ಸಿಂಗ್ ಸಹಾಯಕರು, ಸಿಗ್ನಲ್‌ನವರಿಗೆ ಹೀಗಾಗುವುದು ಹೆಚ್ಚು. ಹೋದ ಕಡೆಯವರು ಅವನ ಯೂನಿಟ್ ಬರೆಯುತ್ತದೆ ಎಂದುಕೊಳ್ಳುತ್ತಾರೆ. ಯೂನಿಟ್ಟಿನವರು ಅವನು ಹೋದ ಕಡೆ ಬರೆಯುತ್ತಾರೆ ಎಂದುಕೊಳ್ಳುತ್ತಾರೆ. ಎರಡೂ ಕಡೆ ಪಾರ್ಟ್ ಟೂ ಆರ್ಡರ್ ಆಗುವುದಿಲ್ಲ. ಯೂನಿಟ್ ಬೇರೆ ಕಡೆ ಹೊರಡುವ ಗಡಿಬಿಡಿಯಲ್ಲೂ ಹೀಗಾಗುತ್ತದೆ. ಗಾಯಗೊಂಡು ಆಸ್ಪತ್ರೆ ಸೇರಿ ಅಲ್ಲಿಂದಲೇ ಬೇರೆ ಪೋಸ್ಟಿಂಗ್ ಹೋದವರದೂ ಇದೇ ಕಥೆ. ಯಾರೂ ಬೇಕೆಂದು ಮಾಡಿದ್ದಲ್ಲ. ಆ ಕುರ್ಚಿಯಲ್ಲಿ ಕೂತಿದ್ದ ನಾನು ಇದನ್ನು ಖಚಿತವಾಗಿ ಹೇಳಬಲ್ಲೆ. ಆದರೆ ಬೇಕೆಂದು ಮಾಡದಿದ್ದರೂ ತಪ್ಪು ತಪ್ಪೇ. ತಿದ್ದಲೇಬೇಕು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಪಾರ್ಟ್ ಟೂ ಆರ್ಡರ್ ಆಗಿದೆ, ಪದಕ ಮಾತ್ರ ಕೈಗೆ ಬಂದಿಲ್ಲ ಎಂದರೆ ಕೆಲಸ ಸುಲಭ. ಆರ್ಡರ್ ನಂಬರ್ ಹಾಕಿ, ಪದಕ ಕಳಿಸಿ ಎಂದು ರೆಕಾರ್ಡ್ ಆಫೀಸಿಗೆ ಬರೆದರೆ ಸಾಕು. ಪದಕಗಳ ಕೊರತೆಯಿಂದ ತಡವಾಗಬಹುದು, ಆದರೆ ಹಕ್ಕು ಎಲ್ಲೂ ಹೋಗುವುದಿಲ್ಲ. ಎಷ್ಟೋ ಜನ ಕಂಟೋನ್ಮೆಂಟಿನ ಅಂಗಡಿಯಲ್ಲಿ ಸಿಗುವ ಟೇಲರ್ ಕಾಪಿ, ಅಂದರೆ ನಕಲು ಪದಕ, ಕೊಂಡು ಹಾಕಿಕೊಂಡು, ನಿಜವಾದದ್ದು ಬಂದಿಲ್ಲ ಎನ್ನುವುದನ್ನೇ ಮರೆತಿರುತ್ತಾರೆ. ಪದಕದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ನಿಜವಾದದ್ದಾದರೆ ಅಲ್ಲಿ ಸೈನಿಕನ ನಂಬರ್, ರ‍್ಯಾಂಕ್, ಹೆಸರು ಕೊರೆದಿರುತ್ತದೆ.

ಪಾರ್ಟ್ ಟೂ ಆರ್ಡರೇ ಆಗಿಲ್ಲ ಎಂದರೆ ನೀವು ಅಲ್ಲಿದ್ದಿರಿ ಎಂದು ತೋರಿಸಬೇಕು. ಮನೆಯ ಟ್ರಂಕಿನಲ್ಲಿರುವುದು ಕೆಲಸಕ್ಕೆ ಬರುವುದು ಆಗಲೇ. ಹಳೆಯ ಮೂವ್‌ಮೆಂಟ್ ಆರ್ಡರ್, ರಜೆ ಚೀಟಿ, ಪೇ ಬುಕ್, ಆಸ್ಪತ್ರೆಯ ಚೀಟಿ ಯಾವುದನ್ನೂ ಎಸೆಯಬೇಡಿ. ಎದೆಯ ಮೇಲೆ ರಿಬ್ಬನ್ ಕಾಣುವ ಹಳೆಯ ಫೋಟೊ ಕೂಡ ಒಂದು ಸುಳಿವು. ಮನೆಗೆ ಬರೆದ ಇನ್‌ಲ್ಯಾಂಡ್ ಪತ್ರಗಳನ್ನಂತೂ ಜೋಪಾನ ಮಾಡಿ. ಸೈನಿಕರ ವಿಳಾಸದಲ್ಲಿ ಊರಿನ ಹೆಸರಿರುವುದಿಲ್ಲ, 56 ಎಪಿಒ ಅಥವಾ 99 ಎಪಿಒ (ಸೇನಾ ಅಂಚೆ ಕಚೇರಿಯ ನಂಬರ್) ಎಂದಿರುತ್ತದೆ. 99 ಎಪಿಒ ಎಂದರೆ ಪೂರ್ವದ ಕಡೆ. ಅಂಚೆ ಮುದ್ರೆಯಲ್ಲಿ ತಾರೀಖು ಇರುತ್ತದೆ. ಅದೊಂದೇ ಸಾಕ್ಷಿಯಾಗಿ ಸಾಲದು. ಆದರೆ ಇಂಥ ತಿಂಗಳು ಇಂಥ ಕಡೆ ಇದ್ದರು, ಆ ಯೂನಿಟ್ಟಿನ ದಾಖಲೆ ನೋಡಿ ಎಂದು ಕೇಳಲು ಅದು ದಾರಿ ಮಾಡಿಕೊಡುತ್ತದೆ.

ಅರ್ಜಿಗಿಂತ ಮೊದಲು ಪ್ರತಿ ಕೇಳಿ

ಹೆಚ್ಚಿನವರು ಮೊದಲ ಪತ್ರದಲ್ಲೇ ಸರಿ ಮಾಡಿ ಎಂದು ಬರೆಯುತ್ತಾರೆ. ನಾನು ಹಾಗೆ ಮಾಡಬೇಡಿ ಎನ್ನುತ್ತೇನೆ. ದಾಖಲೆಯಲ್ಲಿ ಏನಿದೆ ಎಂದು ಮೊದಲು ನೋಡಬೇಕು. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಒಳ್ಳೆಯ ಉಪಾಯ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ರೆಕಾರ್ಡ್ ಆಫೀಸಿನ ಮಾಹಿತಿ ಅಧಿಕಾರಿಗೆ ಬರೆದು ನಿಮ್ಮ ಶೀಟ್ ರೋಲಿನ ದೃಢೀಕೃತ ಪ್ರತಿ, ಪದಕಗಳ ಪಾರ್ಟ್ ಟೂ ಆರ್ಡರ್‌ಗಳ ನಂಬರ್ ಮತ್ತು ತಾರೀಖು, ಕುಟುಂಬದ ವಿವರದ ಪುಟ, ಇವಿಷ್ಟು ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ ಹಾಕಬಹುದು. ಗಂಡ ತೀರಿಕೊಂಡಿದ್ದರೆ ಹೆಂಡತಿ ತನ್ನ ಪಿಂಚಣಿ ಕಾಗದದ ಪ್ರತಿ ಲಗತ್ತಿಸಿ ಕೇಳಬಹುದು.

ಪಿಂಚಣಿ ಬರುವಷ್ಟು ಸೇವೆ ಮಾಡದೆ ಬೇಗ ಬಿಟ್ಟು ಬಂದವರು ಮಾತ್ರ ತಡ ಮಾಡಬಾರದು. ಪಿಂಚಣಿ ಇಲ್ಲದವರ ಕಾಗದಗಳನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡುತ್ತಾರೆ. ಉಳಿಯುವುದು ಲಾಂಗ್ ರೋಲ್ ಎಂಬ ರಿಜಿಸ್ಟರಿನ ಒಂದು ಸಾಲು.

ಪ್ರತಿ ಬಂದ ಮೇಲೆ ತಿದ್ದುಪಡಿಯ ಅರ್ಜಿ ಬರೆಯಿರಿ. ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಬೇಗ ಓದುತ್ತಾರೆ. ಮೇಲೆ ಆರ್ಮಿ ನಂಬರ್, ರ‍್ಯಾಂಕ್, ದಾಖಲೆಯಲ್ಲಿರುವಂತೆ ಹೆಸರು, ಪಿಪಿಒ ನಂಬರ್ ಇರಲಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಬರೆಯಿರಿ. ಹೆಂಡತಿಯ ಹೆಸರು, ಪೂರ್ವಿ ಸ್ಟಾರ್, ಪಿಂಚಣಿ ಬಾಕಿ ಮೂರನ್ನೂ ಒಂದೇ ಕಾಗದದಲ್ಲಿ ತುಂಬಿದರೆ ಅದು ಮೂರು ಟೇಬಲ್ ಸುತ್ತಿ ಮೂರಕ್ಕೂ ಉತ್ತರ ಬರುವುದಿಲ್ಲ. ಮೂಲ ಕಾಗದಗಳನ್ನು ಯಾವತ್ತೂ ಅಂಚೆಗೆ ಹಾಕಬೇಡಿ. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಧಾರವಾಡದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ. ಹಳಬರು ಅದನ್ನು ಈಗಲೂ ಸೈನಿಕ ಬೋರ್ಡ್ ಎನ್ನುತ್ತಾರೆ. ಆ ಕಚೇರಿಗೆ ದಾಖಲೆ ತಿದ್ದುವ ಅಧಿಕಾರ ಇಲ್ಲ. ಆದರೆ ನಿಮ್ಮ ಅರ್ಜಿಗೆ ಅವರ ಸಹಿ, ಮೊಹರು ಬಿದ್ದು ಅವರ ಮೂಲಕ ಹೋದರೆ ಗುರುತಿನ ಪ್ರಶ್ನೆ ಅರ್ಧ ಮುಗಿದ ಹಾಗೆ. ಡಿಸ್ಚಾರ್ಜ್ ಬುಕ್ಕೇ ಕಳೆದುಹೋಗಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಆ ಪ್ರತಿ ಮತ್ತು ಅಫಿಡವಿಟ್ ಹಿಡಿದು ಮೊದಲು ಇಲ್ಲಿಗೇ ಹೋಗಿ.

ರೆಕಾರ್ಡ್ ಆಫೀಸು ಆಗುವುದಿಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಆ ಪತ್ರವೇ ಮುಂದಿನ ದಾರಿಗೆ ಬೇಕು. 2007ರ ಕಾಯ್ದೆಯಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂದಿದೆ. ಸೇವೆ, ಪಿಂಚಣಿಯ ತಕರಾರು ಅಲ್ಲಿ ಹೋಗಬಹುದು. ಅಂತಿಮ ಉತ್ತರ ಬಂದ ಆರು ತಿಂಗಳೊಳಗೆ ಹೋಗಬೇಕು. ಅರ್ಜಿಗೆ ಆರು ತಿಂಗಳು ಉತ್ತರವೇ ಬರದಿದ್ದರೂ ಹೋಗಬಹುದು. ಪಿಂಚಣಿ ತಿಂಗಳು ತಿಂಗಳು ಕಡಿಮೆ ಬರುತ್ತಿದ್ದರೆ ತಡವಾಯಿತು ಎಂದು ಕೇಸನ್ನೇ ತಳ್ಳಿಹಾಕುವುದಿಲ್ಲ. ಆದರೆ 2008ರ ತರಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ ಬಾಕಿ ಸಾಮಾನ್ಯವಾಗಿ ಕೇಸು ಹಾಕುವ ಹಿಂದಿನ ಮೂರು ವರ್ಷಕ್ಕೆ ಮಾತ್ರ ಸಿಗುತ್ತದೆ. ಹದಿನೈದು ವರ್ಷ ಸುಮ್ಮನಿದ್ದರೆ ಹನ್ನೆರಡು ವರ್ಷದ ಹಣ ಹೋದ ಹಾಗೆ.

ರಾಣೆಬೆನ್ನೂರು ಕಡೆಯ ಒಬ್ಬ ಹಿರಿಯರು 1971ರಲ್ಲಿ ಡ್ರೈವರ್ ಆಗಿ ಪೂರ್ವಕ್ಕೆ ಹೋಗಿದ್ದರು. ಅಟ್ಯಾಚ್‌ಮೆಂಟ್. ಸಂಗ್ರಾಮ ಪದಕ ಬಂದಿತ್ತು, ಪೂರ್ವಿ ಸ್ಟಾರ್ ಇರಲಿಲ್ಲ. ಅವರ ಹೆಂಡತಿ ಹಳೆಯ ಪತ್ರಗಳನ್ನು ಸೀರೆಗಳ ನಡುವೆ ಇಟ್ಟಿದ್ದರು. ಅದರಲ್ಲಿ 99 ಎಪಿಒ ಎಂದಿದ್ದ ನಾಲ್ಕು ಸಿಕ್ಕವು, ಎರಡರಲ್ಲಿ ಮುದ್ರೆಯ ತಾರೀಖು ಓದಲು ಬರುತ್ತಿತ್ತು. ಮೊದಲ ಅರ್ಜಿ ವಾಪಸ್ ಬಂತು. ಎರಡನೆಯದಕ್ಕೆ ಹದಿನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಒಳಗೆ ಹೊಸ ಪಾರ್ಟ್ ಟೂ ಆರ್ಡರಿನ ಪ್ರತಿ ಇತ್ತು. ಪದಕ ಇನ್ನೂ ಬಂದಿಲ್ಲ. ಅವರು ಕಾಗದ ಹಿಡಿದು ಬಸ್ಸಿನಲ್ಲಿ ಗದಗಕ್ಕೆ ಬಂದರು. ಕನ್ನಡಕ ಹಾಕಿಕೊಂಡು ಕೂತು, "ಆ ನಂಬರ್ ಇನ್ನೊಮ್ಮೆ ಓದ್ರಿ" ಎಂದರು. ನಾನು ಓದಿದೆ. ಅವರು ಹೆಂಡತಿಗೆ ಫೋನ್ ಮಾಡಿ ಅದನ್ನೇ ಒಂದೊಂದೇ ಅಂಕಿಯಾಗಿ ಹೇಳಿದರು.